ಮನೋಚಿಕಿತ್ಸೆ: ಮುಖ್ಯ ವಿಧಾನಗಳು ಹಾಗೂ ಸೇವೆ ಪಡೆಯುವ ಕ್ರಮ

ಮನೋಚಿಕಿತ್ಸೆಯೆಂದರೆ ತರಬೇತಿ ಪಡೆದ ತಜ್ಞರು ಮಾತುಕತೆಯ ಮೂಲಕ ಕ್ರಮಬದ್ಧವಾಗಿ ನೀಡುವ ಚಿಕಿತ್ಸೆ. ಇದು ಕೇವಲ ಸಮಾಧಾನದ ಮಾತಲ್ಲ. ಸೌಮ್ಯ ಸ್ವರೂಪದ ಖಿನ್ನತೆ, ಆತಂಕಗಳಿಗೆ ಇದೊಂದೇ ಸಾಕಾಗಬಹುದು. ತೀವ್ರ ಕಾಯಿಲೆಗಳಲ್ಲಿ ಇದನ್ನು ಔಷಧದೊಂದಿಗೆ ನೀಡಲಾಗುತ್ತದೆ.

ಮುಖ್ಯ ವಿಧಾನಗಳು:

1. ಅರಿವಿನ ವರ್ತನಾ ಚಿಕಿತ್ಸೆ: "ಬೆಳೆ ಹೋಯಿತು, ಇನ್ನು ನನ್ನಿಂದ ಏನೂ ಆಗದು" ಎಂಬಂತಹ ಯೋಚನೆಗಳನ್ನು ಪರಿಶೀಲಿಸಿ, ದೈನಂದಿನ ಚಟುವಟಿಕೆಗಳಿಗೆ ಮರಳಲು ನೆರವಾಗುತ್ತದೆ. ಇದರ ತಳಹದಿಯನ್ನು 1960ರ ದಶಕದಲ್ಲಿ ಆರನ್ ಬೆಕ್ ರೂಪಿಸಿದರು.

2. ವರ್ತನಾ ಚಿಕಿತ್ಸೆ: ಭಯ ಹುಟ್ಟಿಸುವ ಸಂದರ್ಭಗಳನ್ನು ಹಂತಹಂತವಾಗಿ ಎದುರಿಸುವ ಅಭ್ಯಾಸ. ಗೀಳು ಕಾಯಿಲೆಗೂ ಉಪಯುಕ್ತ.

3. ಮನೋವಿಶ್ಲೇಷಣೆ: ಫ್ರಾಯ್ಡ್ ಆರಂಭಿಸಿದ ವಿಧಾನ. ಹಿಂದಿನ ಅನುಭವಗಳು ಇಂದಿನ ಸಂಕಟಕ್ಕೆ ಹೇಗೆ ಕಾರಣವಾಗಿವೆಯೆಂದು ಅರಿಯಲಾಗುತ್ತದೆ.

4. ವ್ಯಕ್ತಿಕೇಂದ್ರಿತ ಚಿಕಿತ್ಸೆ: ಕಾರ್ಲ್ ರೋಜರ್ಸ್ ರೂಪಿಸಿದ್ದು. ತಜ್ಞರು ತೀರ್ಪು ನೀಡದೆ ಆಲಿಸುತ್ತಾರೆ.

5. ಕುಟುಂಬ ಚಿಕಿತ್ಸೆ: ಮನೆಯವರನ್ನೂ ಸೇರಿಸಿಕೊಂಡು ನಡೆಸಲಾಗುತ್ತದೆ.

ಯಾವ ವಿಧಾನ ಸೂಕ್ತವೆಂಬುದನ್ನು ತಪಾಸಣೆಯ ನಂತರ ತಜ್ಞರು ನಿರ್ಧರಿಸುತ್ತಾರೆ.

ಸೇವೆ ಪಡೆಯುವ ಕ್ರಮ:

ಕಮಲನಗರ ತಾಲ್ಲೂಕಿನ ನಾಗರಿಕರು ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. ಅಗತ್ಯವಿದ್ದಲ್ಲಿ ಬೀದರ್‌ನಲ್ಲಿರುವ ಮನೋವೈದ್ಯರ ಬಳಿಗೆ ಕಳುಹಿಸಲು ಕೋರಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಮಾತೇ ಚಿಕಿತ್ಸೆಯಾಗಿರುವುದರಿಂದ, ಈ ಗಡಿ ತಾಲ್ಲೂಕಿನವರು ಕನ್ನಡವಾಗಲಿ ಮರಾಠಿಯಾಗಲಿ, ತಮ್ಮ ಮನೆಮಾತಿನಲ್ಲಿಯೇ ಮಾತನಾಡಲು ಕೇಳಿಕೊಳ್ಳುವುದು ಒಳಿತು.

ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರನ್ವಯ ಚಿಕಿತ್ಸೆಯ ವಿವರಗಳನ್ನು ಗೌಪ್ಯವಾಗಿಡತಕ್ಕದ್ದು.

ವಿಶೇಷ ಸೂಚನೆ: ಸಾಯುವ ಮಾತನಾಡುವವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆತರತಕ್ಕದ್ದು.