ಹಳೆಯ ಯಂತ್ರಕ್ಕೆ ಗಾಳಿಯ ಹಿಡಿತ

ಸ್ವಯಂಚಾಲನೆಗೆ ಹೊಸ ಯಂತ್ರವೇ ಬೇಕೆಂದಿಲ್ಲ. ಮನ್ನಾಏಖೇಳ್ಳಿಯ ಸಣ್ಣ ವರ್ಕ್‌ಶಾಪೊಂದರಲ್ಲಿ ಹಳೆಯ ಡ್ರಿಲ್ಲಿಂಗ್ ಯಂತ್ರವಿದೆ ಎಂದುಕೊಳ್ಳಿ. ಬಿಡಿಭಾಗವನ್ನು ಕೈಯಲ್ಲೇ ಹಿಡಿದರೆ ಅದು ಡ್ರಿಲ್ಲಿನೊಡನೆ ಗಿರ್ರನೆ ತಿರುಗಿ ಬೆರಳಿಗೇ ಅಪಾಯ. ಪ್ರತಿ ಸಲ ವೈಸ್‌ನಲ್ಲಿ ಬಿಗಿದರೆ ಹೊತ್ತು ವ್ಯರ್ಥ.

ಆ ಕೆಲಸವನ್ನು ಗಾಳಿಗೆ ವಹಿಸೋಣ. 50 ಮಿ.ಮೀ. ಒಳವ್ಯಾಸದ ಸಿಲಿಂಡರಿಗೆ 6 ಬಾರ್ ಒತ್ತಡದ ಗಾಳಿ ಬಿಟ್ಟರೆ, ಪಿಸ್ಟನ್ ಸುಮಾರು 120 ಕೆ.ಜಿ. ಭಾರದಷ್ಟು ಬಲದಿಂದ ಭಾಗವನ್ನು ಒತ್ತಿ ಹಿಡಿಯುತ್ತದೆ. ಹಿಡಿತ ಬಿಗಿಯಾದ ಮೇಲೆಯೇ ಇನ್ನೊಂದು ಸಿಲಿಂಡರ್ ಡ್ರಿಲ್ಲನ್ನು ಇಳಿಸಬೇಕು. ಡ್ರಿಲ್ ಮೇಲೇರಿದ ನಂತರವೇ ಹಿಡಿತ ಸಡಿಲಬೇಕು. ಈ ಅನುಕ್ರಮವನ್ನು ಕಾಯುವುದು ಪುಟ್ಟ ಸ್ವಿಚ್ಚುಗಳು. ಎರಡೂ ಕೈಗಳಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಎಲ್ಲವೂ ಆರಂಭವಾಗುವಂತೆ ಮಾಡಿದರೆ, ಬೆರಳು ಒಳಗೆ ಸಿಕ್ಕುವ ಭಯ ಕಡಿಮೆ.

1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ನಿಮ್ಮ ಹುಮನಾಬಾದಿನಲ್ಲೂ ಇದೆ. ಒಮ್ಮೆ ಹೋಗಿ ವಿಚಾರಿಸಿ.