ಗರಗಸ ಅಗ್ಗ, ಬೆರಳು ತುಟ್ಟಿ

ಮನೆಯ ಶೆಡ್ಡಿಗೊಂದು ಟೇಬಲ್ ಸಾ ಬೇಕೆಂದು ಹಾರ್ಡ್‌ವೇರ್ ಅಂಗಡಿ ಮೆಟ್ಟಿಲು ಹತ್ತುವವರು ಕೇಳುವುದು ಎರಡೇ ಪ್ರಶ್ನೆ. ‘ಎಷ್ಟು ಎಚ್.ಪಿ.?’ ‘ಕೊನೇ ರೇಟು ಎಷ್ಟು?’ ಕೇಳಬೇಕಾದ ಮೂರನೆಯದೊಂದಿದೆ: ‘ಬ್ಲೇಡಿನ ಹಿಂದೆ ಪಟ್ಟಿ ಇದೆಯಾ?’ ಇದನ್ನು ಕೇಳುವ ಗಿರಾಕಿಯೂ ಕಡಿಮೆ, ತಾನಾಗಿ ಹೇಳುವ ಅಂಗಡಿಯವರೂ ಕಡಿಮೆ. ಬೆರಳು ಉಳಿಯುವುದು, ಹೋಗುವುದು ಮಾತ್ರ ಹೆಚ್ಚಾಗಿ ಈ ಮೂರನೇ ಪ್ರಶ್ನೆಗೇ ಸೇರಿದ್ದು.

ಅಂಗಡಿಗೆ ರ್‍ಯಾಕು, ಮಗಳಿಗೆ ಓದುವ ಮೇಜು, ಅಡಿಗೆಮನೆಗೆ ಶೆಲ್ಫು. ಆಚಾರಿಯ ಕೂಲಿ ಕೊಟ್ಟು ಪೂರೈಸದು, ‘ನಾವೇ ಯಾಕೆ ಮಾಡ್ಕೋಬಾರದು’ ಎನ್ನುವವರು ನಮ್ಮ ಶಿವಮೊಗ್ಗದಲ್ಲೂ ಇದ್ದಾರೆ. ಧಾರಾಳವಾಗಿ ಮಾಡಿಕೊಳ್ಳಲಿ. ಆದರೆ ದುಡ್ಡು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದು ಮೊದಲು ತಿಳಿದಿರಬೇಕು.

ಇರುವುದು ಮೂರು ದಾರಿ

ಎಲ್ಲಕ್ಕಿಂತ ಅಗ್ಗದ ದಾರಿ ಎಲ್ಲರೂ ಕಂಡದ್ದೇ. ಪ್ಲೈವುಡ್ ಹಲಗೆಗೆ ಸೀಳು ಕೊರೆದು, ಟೈಲ್ಸ್ ಕೊಯ್ಯುವ ನಾಲ್ಕಿಂಚಿನ ಕಟ್ಟರನ್ನು ಅಡಿಯಿಂದ ತಲೆಕೆಳಗಾಗಿ ಬಿಗಿದು, ಹಲ್ಲಿನ ಬ್ಲೇಡು ಹಾಕಿ, ಸ್ವಿಚ್ಚು ಒತ್ತಿದಂತೆಯೇ ಇರಲಿ ಎಂದು ಬಟ್ಟೆ ಸುತ್ತಿ ಬಿಡುವುದು. ಆ ಕಟ್ಟರು ಇರುವುದು ಕಲ್ಲಿಗೆ. ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಮುಚ್ಚಳ ಹೋಯಿತು, ಹಿಂದಿನ ಪಟ್ಟಿ ಮೊದಲೇ ಇಲ್ಲ. ಎಡವಟ್ಟಾದರೆ ಸ್ವಿಚ್ಚು ಹುಡುಕಲು ಮೇಜಿನಡಿ ತಲೆ ಹಾಕಬೇಕು. ಇದನ್ನು ಉಳಿತಾಯ ಎಂದವರು ಆಸ್ಪತ್ರೆ ಬಿಲ್ಲು ಕಂಡವರಲ್ಲ.

ಎರಡನೆಯದು, ಡಬ್ಬಿಯಲ್ಲಿ ಬರುವ ಕಂಪನಿ ಮಿಷನ್ನು. ಅಲ್ಯೂಮಿನಿಯಂ ಮೇಜು, ಎಂಟು ಅಥವಾ ಹತ್ತು ಇಂಚಿನ ಬ್ಲೇಡು, ಕಾರ್ಬನ್ ಬ್ರಷ್ಷಿನ ಮೋಟಾರು. ಗಲಾಟೆ ಜಾಸ್ತಿ, ತೂಕ ಕಡಿಮೆ. ಒಬ್ಬರೇ ಎತ್ತಿ ಮೂಲೆಗಿಡಬಹುದು. ಹತ್ತಿಂಚಿನ ಬ್ಲೇಡು ನೆಟ್ಟಗೆ ನಿಂತಾಗ ಸುಮಾರು ಮೂರಿಂಚು ದಪ್ಪದ ಮರ ಕೊಯ್ಯುತ್ತದೆ. ಮನೆ ಕೆಲಸಕ್ಕೆ ಇದು ಧಾರಾಳ ಸಾಕು.

ಮೂರನೆಯದು, ಆ್ಯಂಗಲ್ ಕಬ್ಬಿಣದ ಕಾಲು, ಬೀಡಿನ ಮೇಜು, ಬೆಲ್ಟಿನ ಮೋಟಾರು ಇರುವ ಭಾರದ ಮಿಷನ್ನು. ಗುಜರಾತಿನ ರಾಜಕೋಟೆ ಇಂಥ ಮರಗೆಲಸದ ಮಿಷನ್ನುಗಳಿಗೆ ಹೆಸರಾದ ಊರು. ಗಟ್ಟಿ, ಸದ್ದು ಕಡಿಮೆ, ಕೆಟ್ಟರೆ ಊರಿನ ಮೋಟಾರು ರಿಪೇರಿಯವರೇ ಸರಿಮಾಡುತ್ತಾರೆ. ಆದರೆ ಅಗ್ಗದವುಗಳಲ್ಲಿ ಮುಚ್ಚಳವಾಗಲಿ ಪಟ್ಟಿಯಾಗಲಿ ಇಲ್ಲದೆ ಬೋಳಾಗಿ ಬರುವುದುಂಟು. ನೋಡಿಯೇ ಕೊಳ್ಳಬೇಕು.

ಪಟ್ಟಿಯ ಮಹಿಮೆ

ಬ್ಲೇಡಿನ ಬೆನ್ನಿಗೇ ನಿಲ್ಲುವ ಉಕ್ಕಿನ ಪಟ್ಟಿಗೆ ರೈವಿಂಗ್ ನೈಫ್ ಅಂತಾರೆ. ನೋಡಲಿಕ್ಕೆ ಏನೂ ಅಲ್ಲ. ಅದರ ಕೆಲಸ ಕೇಳಿ.

ಬ್ಲೇಡಿನ ಮುಂದಿನ ಹಲ್ಲು ಮರವನ್ನು ಕೆಳಕ್ಕೆ ಒತ್ತುತ್ತದೆ, ಹಿಂದಿನ ಹಲ್ಲು ಮೇಲಕ್ಕೆ ಏಳುತ್ತದೆ. ಕೊಯ್ದ ಸೀಳು ಹಿಂದೆ ಕೂಡಿಕೊಂಡರೆ, ಇಲ್ಲವೇ ತುಂಡು ಓರೆಯಾದರೆ, ಆ ಹಿಂದಿನ ಹಲ್ಲು ಮರವನ್ನು ಕಚ್ಚಿ ಎತ್ತಿ ನಿಂತವನ ಹೊಟ್ಟೆಗೇ ಎಸೆಯುತ್ತದೆ. ಮರದ ಜತೆ ಕೈಯೂ ಬ್ಲೇಡಿನ ಮೇಲೆ ಹೋಗುತ್ತದೆ. ಹತ್ತಿಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ 190 ಕಿಲೋಮೀಟರು. ಸಾಗರದ ಬಸ್ಸಿಗೆ ರೆಕ್ಕೆ ಕಟ್ಟಿದರೂ ಆ ವೇಗ ಬಾರದು. ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ ಎನ್ನುವುದು ಬರೀ ಮಾತು.

ಸೀಳು ಕೂಡಿಕೊಳ್ಳದಂತೆ ನಡುವೆ ನಿಂತು ತಡೆಯುವುದೇ ಆ ಪಟ್ಟಿ. ಬ್ಲೇಡು ಏರಿಸಿ ಇಳಿಸಿದಾಗ ಅದೂ ಜತೆಗೆ ಏರಿ ಇಳಿಯಬೇಕು. ಬ್ಲೇಡಿಗೂ ಅದಕ್ಕೂ ನಡುವೆ 3ರಿಂದ 8 ಮಿಲಿಮೀಟರು ಸಂದಿ ಇರಬೇಕು. ‘ಅಡ್ಡ ಬರುತ್ತೆ’ ಎಂದು ಬಿಚ್ಚಿ ಮೂಲೆಗೆಸೆಯುವ ವಸ್ತು ಅಲ್ಲ.

ಚರ್ಮ ತಾಗಿದೊಡನೆ ತಾನೇ ನಿಲ್ಲುವ ಮಿಷನ್ನೂ ಲೋಕದಲ್ಲಿದೆ. ಅಮೆರಿಕದ ಸ್ಟೀವ್ ಗ್ಯಾಸ್ ಎಂಬುವರ ‘ಸಾಸ್ಟಾಪ್’ 2004ರಿಂದ ಮಾರಾಟಕ್ಕಿದೆ. ಸೆಕೆಂಡಿನ ಇನ್ನೂರರಲ್ಲೊಂದು ಪಾಲಿನೊಳಗೆ ಅಲ್ಯೂಮಿನಿಯಂ ತುಂಡೊಂದು ಹಲ್ಲಿಗೆ ಸಿಕ್ಕಿ ಬ್ಲೇಡನ್ನು ನಿಲ್ಲಿಸುತ್ತದೆ. ಅದರ ಬೆಲೆ ನಮ್ಮ ಬಜೆಟ್ಟಿಗೆ ನಿಲುಕುವುದಲ್ಲ. ನಮಗೆ ಎಟುಕುವುದು ಪಟ್ಟಿ, ಮುಚ್ಚಳ ಮತ್ತು ಎಚ್ಚರ.

ಅಂಗಡಿಯಲ್ಲೇ ನೋಡಿ

ಮರ ಒರಗಿಸಿ ತಳ್ಳುವ ಗೈಡು ಬಿಗಿ ಮಾಡಿ, ಟೇಪು ಹಿಡಿಯಿರಿ. ಬ್ಲೇಡಿನ ಮುಂದುಗಡೆ ಒಂದು ಹಲ್ಲಿನಿಂದ ಗೈಡಿಗೆ ಅಳೆದು, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಪ್ಲಗ್ಗು ತೆಗೆದಿರಬೇಕು ಎಂಬುದು ನೆನಪಿರಲಿ. ಎರಡೂ ಒಂದೇ ಬರಬೇಕು. ಎಷ್ಟು ತಿರುಚಿದರೂ ಬಾರದಿದ್ದರೆ ಆ ಮಿಷನ್ನು ಬೇಡ. ಓರೆ ಗೈಡು ಮರವನ್ನು ಹಿಂದಿನ ಹಲ್ಲಿಗೇ ಒತ್ತುತ್ತದೆ.

ಸೆಕೆಂಡ್‌ಹ್ಯಾಂಡು ನೋಡುವವರು ಬ್ಲೇಡಿನ ಅಚ್ಚನ್ನು ಅಲುಗಿಸಿ ನೋಡಲಿ, ಆಡಿದರೆ ಬೇರಿಂಗು ಹೋಗಿದೆ. ‘ಅಗ್ಗಕ್ಕೆ ಸಿಕ್ತು’ ಎಂದು ತ್ರೀಫೇಸ್ ಮೋಟಾರು ತಂದರೆ ಮನೆಯ ಸಿಂಗಲ್‌ಫೇಸ್ ಲೈನಿಗೆ ಅದು ನೇರವಾಗಿ ಓಡದು. ಎರಡು ಎಚ್.ಪಿ. ಅಂದರೆ ಸುಮಾರು 1,500 ವ್ಯಾಟು. ಫ್ಯಾನಿನ ವೈರಿನಲ್ಲಿ ಅದು ನಡೆಯುವುದಿಲ್ಲ. ಅರ್ಥಿಂಗ್ ಸಹಿತ ದಪ್ಪ ವೈರಿನ ಪವರ್ ಪ್ಲಗ್ಗೇ ಬೇಕು.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ನಮಗೆ ಹೊಸದಲ್ಲ. ಕರೆಂಟು ಹೋಯಿತೆಂದು ಕೈಯನ್ನು ಬ್ಲೇಡಿನ ಹತ್ತಿರ ಇಟ್ಟಾಗ ಮಿಷನ್ನು ತಾನಾಗಿ ಎದ್ದರೆ ಏನು ಗತಿ? ಕರೆಂಟು ಬಂದರೂ ಮತ್ತೆ ಹಸಿರು ಗುಂಡಿ ಒತ್ತುವ ತನಕ ತಿರುಗದ ಸ್ವಿಚ್ಚು ಇದೆ. ಅದನ್ನೇ ಕೇಳಿ ಹಾಕಿಸಿ.

ಹತ್ತು ರೂಪಾಯಿಯ ಲೆಕ್ಕ

ಕೈಯಲ್ಲಿ ಹತ್ತು ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಏಳು ಮಿಷನ್ನಿಗೆ. ಒಂದು ಒಳ್ಳೇ ಬ್ಲೇಡಿಗೆ, ಒಂದು ವೈರು-ಸ್ವಿಚ್ಚಿಗೆ. ಕೊನೆಯದು ಕಣ್ಣಿನ ಕನ್ನಡಕ, ಕಿವಿಯ ಬಿರಡೆ, ಧೂಳಿನ ಮಾಸ್ಕಿಗೆ. ಹತ್ತೂ ಮಿಷನ್ನಿಗೇ ಸುರಿದರೆ ಮೊಂಡು ಬ್ಲೇಡಿನಲ್ಲಿ ಮರ ಒತ್ತಿ ತಳ್ಳಬೇಕಾಗುತ್ತದೆ. ಒತ್ತುವಾಗಲೇ ಕೈ ಜಾರುವುದು.

ಬ್ಲೇಡು ಮೊದಲಿಗೆ ಒಂದೇ ಸಾಕು, 40 ಹಲ್ಲಿನದು. ಉದ್ದುದ್ದ ಸೀಳುವ ಕೆಲಸ ಹೆಚ್ಚಾದರೆ 24, ಪ್ಲೈವುಡ್ಡಿನ ಅಂಚು ನಯವಾಗಬೇಕಾದರೆ 60 ಅಥವಾ 80. ಎಂಟು ಅಡಿ ನಾಲ್ಕು ಅಡಿಯ ಇಡೀ ಪ್ಲೈವುಡ್ ಹಾಳೆಯನ್ನು ಸಣ್ಣ ಮೇಜಿನ ಮೇಲೆ ಒಬ್ಬರೇ ಹೊರಳಿಸುವ ಸಾಹಸ ಬೇಡ. ಕೊಯ್ದು ಕೊಡುವ ಪ್ಲೈವುಡ್ ಅಂಗಡಿಯಲ್ಲೇ ದೊಡ್ಡ ತುಂಡು ಮಾಡಿಸಿ ತನ್ನಿ. ಆಗ ದೊಡ್ಡ ಮಿಷನ್ನಿನ ಖರ್ಚೇ ಬೀಳದು.

ಖರ್ಚಿಲ್ಲದ ಕೆಲಸವೂ ಒಂದಿದೆ. ಹಳೇ ರೀಪರಿನ ತುಂಡಿಗೆ ಕಚ್ಚು ಹಾಕಿ ಎರಡು ನೂಕುಕೋಲು ಮಾಡಿಟ್ಟುಕೊಳ್ಳಿ. ಸಣ್ಣ ತುಂಡನ್ನು ಅದರಲ್ಲೇ ತಳ್ಳಬೇಕು, ಬೆರಳಲ್ಲಲ್ಲ. ಕೈಗವಸು ಹಾಕಬಾರದು, ಬ್ಲೇಡು ಅದನ್ನು ಕೈ ಸಮೇತ ಎಳೆದುಕೊಳ್ಳುತ್ತದೆ. ಪಂಚೆ, ಸಡಿಲ ತೋಳಿನ ಅಂಗಿಗೂ ಇದೇ ಮಾತು.

ಮಾರುವ ಅಂಗಡಿಯವರಲ್ಲೂ ಒಂದು ವಿನಂತಿ, ಸ್ವಾಮಿ. ಬಿಲ್ಲು ಬರೆಯುವ ಮುಂಚೆ ಡಬ್ಬಿ ಬಿಚ್ಚಿ ಆ ಪಟ್ಟಿ, ಮುಚ್ಚಳ ಎರಡನ್ನೂ ಗಿರಾಕಿಯ ಕಣ್ಣೆದುರೇ ಜೋಡಿಸಿ ತೋರಿಸಿ. ಐದು ನಿಮಿಷದ ಕೆಲಸ. ಆ ಗಿರಾಕಿ ಮೊಳೆ, ಸ್ಕ್ರೂ, ಫೆವಿಕಾಲ್ ಎಂದು ಮತ್ತೆ ಮತ್ತೆ ನಿಮ್ಮ ಅಂಗಡಿಗೇ ಬರಬೇಕಾದವನು. ಹತ್ತು ಬೆರಳಿನಲ್ಲಿ ದುಡ್ಡು ಎಣಿಸಿ ಕೊಡಲಿ.