ಸ್ವಂತ ಮೇಜಿಲ್ಲದ ಕಚೇರಿಗಳು

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ವಾರಕ್ಕೆ ಮೂರೇ ದಿನ ಕಚೇರಿಗೆ ಹೋಗುವಳೆಂದರೆ, ಉಳಿದ ದಿನ ರಜೆಯೇ ಎಂದು ತಂದೆತಾಯಿಗಳು ಕೇಳುವುದುಂಟು. ರಜೆಯಲ್ಲ, ಕೆಲಸವೇ ಮನೆಗೆ ಬಂದಿದೆ. ಹಾಗಾದರೆ ಆ ದೊಡ್ಡ ಕಟ್ಟಡಗಳನ್ನು ಕಂಪೆನಿಗಳು ಹೇಗೆ ಮಾರ್ಪಡಿಸುತ್ತವೆಂಬುದನ್ನು ಇಲ್ಲಿ ಕಿಂಚಿತ್ ವಿವರಿಸುವೆವು.

ಈ ಪದ್ಧತಿಯು 2020ರ ಸಾಂಕ್ರಾಮಿಕದಲ್ಲಿ ಹಬ್ಬಿತಾದರೂ ಆಗಲೇ ಹುಟ್ಟಿದುದಲ್ಲ. 1990ರ ದಶಕದಲ್ಲಿ ಲಾಸ್ ಏಂಜಲೀಸಿನ ಷಯಟ್-ಡೇ ಎಂಬ ಜಾಹೀರಾತು ಕಂಪೆನಿಯು ಯಾರಿಗೂ ಸ್ವಂತ ಮೇಜಿಲ್ಲದಂತೆ ಮಾಡಿತು. ನೌಕರರು ಬೆಳಿಗ್ಗೆ ಬಂದು ಫೋನನ್ನೂ ಲ್ಯಾಪ್‌ಟಾಪನ್ನೂ ಎರವಲು ಪಡೆದು, ಸ್ಥಳ ದೊರೆತಲ್ಲಿ ಕುಳಿತುಕೊಳ್ಳಬೇಕಾಗಿತ್ತು. ಪರಿಣಾಮವೇನೆಂದರೆ, ಸಾಮಗ್ರಿ ಸಾಲದಾಯಿತು. ಕೆಲವರು ಕಾಗದಪತ್ರಗಳನ್ನು ಮೋಟಾರುಗಾಡಿಯ ಡಿಕ್ಕಿಯಲ್ಲಿ ಇಟ್ಟುಕೊಂಡರು! ಕೆಲವೇ ವರ್ಷಗಳಲ್ಲಿ ಆ ಏರ್ಪಾಡನ್ನು ಕೈಬಿಡಲಾಯಿತು.

ಇದರ ತೊಡಕು ಲೆಕ್ಕದಲ್ಲಿದೆ. ನೂರು ಮಂದಿ ನೌಕರರು ಐದರಲ್ಲಿ ಮೂರು ದಿನ ಬರುವರೆಂದರೆ, ದಿನವೊಂದಕ್ಕೆ ಸರಾಸರಿ ಅರವತ್ತು ಮೇಜುಗಳು ಸಾಕೆಂದು ತೋರುವುದು. ಆದರೆ ಎಲ್ಲರೂ ಸೋಮವಾರವನ್ನೂ ಶುಕ್ರವಾರವನ್ನೂ ಬಿಟ್ಟು ನಡುವಣ ದಿನಗಳಲ್ಲೇ ಬಂದರೆ ನೂರು ಮೇಜುಗಳೂ ಬೇಕು. ಆದುದರಿಂದ ಒಂದೊಂದು ತಂಡಕ್ಕೆ ಒಂದೊಂದು ದಿನವನ್ನು ಗೊತ್ತುಮಾಡುವರು. ಫೋನಿನಲ್ಲೇ ಆಸನವನ್ನು ಕಾದಿರಿಸುವ ವ್ಯವಸ್ಥೆಯನ್ನೂ ಸಾಮಾನಿಗೆ ಬೀಗದ ಪೆಟ್ಟಿಗೆಗಳನ್ನೂ ಒದಗಿಸುವರು. ಮೇಜುಗಳನ್ನು ತೆಗೆದ ಜಾಗದಲ್ಲಿ ಕೂಡಿ ಮಾತನಾಡುವ ಕೋಣೆಗಳೂ, ದೂರದಲ್ಲಿರುವವರೊಡನೆ ಸಂಭಾಷಿಸಲು ಸದ್ದು ಹೊರಬೀಳದ ಸಣ್ಣ ಗೂಡುಗಳೂ ಏಳುತ್ತವೆ.

ಡ್ರಾಪ್‌ಬಾಕ್ಸ್ ಕಂಪೆನಿಯು ಇನ್ನೂ ಮುಂದೆ ಹೋಗಿ, ಕಚೇರಿಯಿರುವುದು ಕೂಡಿ ಕೆಲಸಮಾಡುವುದಕ್ಕೇ ಹೊರತು ಒಂಟಿಯಾಗಿ ಕುಳಿತು ಬರೆಯುವುದಕ್ಕಲ್ಲವೆಂದು 2020ರಲ್ಲಿ ಸಾರಿತು. 2023ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ತನ್ನ ಬಾಡಿಗೆಯ ಕಟ್ಟಡದ ಒಂದು ಭಾಗವನ್ನು ಮಾಲಿಕರಿಗೆ ಹಿಂತಿರುಗಿಸಲು 7.9 ಕೋಟಿ ಡಾಲರುಗಳನ್ನು ತೆರಲೊಪ್ಪಿತು. ಬಾಡಿಗೆಯ ಕರಾರು ಸುಲಭವಾಗಿ ಬಿಡುವುದಿಲ್ಲ. ನಮ್ಮ ಟಿಸಿಎಸ್‌ನ ನಡೆ ಇದಕ್ಕೆ ವಿರುದ್ಧ: 2025ರ ವೇಳೆಗೆ ಕಚೇರಿಯಲ್ಲಿ ನೂರಕ್ಕೆ 25 ಮಂದಿಯಿದ್ದರೆ ಸಾಕೆಂದು 2020ರಲ್ಲಿ ಹೇಳಿದ ಕಂಪೆನಿಯೇ 2023ರ ಅಕ್ಟೋಬರಿನಿಂದ ವಾರಕ್ಕೆ ಐದು ದಿನವೂ ಬರಬೇಕೆಂದು ಅಪ್ಪಣೆಮಾಡಿತು.

ಕಂಪೆನಿಯು ಉಳಿಸಿದ ಸ್ಥಳವನ್ನು ವಾಸ್ತವದಲ್ಲಿ ಒದಗಿಸುವವರು ಮನೆಯವರೇ ಎಂಬುದನ್ನು ಮರೆಯಲಾಗದು. ಎರಡು ಕೋಣೆಗಳ ಮನೆಯಲ್ಲಿ ಅತ್ತೆಮಾವಂದಿರೂ ಹಸುಗೂಸೂ ಇರುವಾಗ, ಬಾಗಿಲು ಹಾಕಿಕೊಂಡು ಕೆಲಸಮಾಡುವ ಮೂಲೆಯು ಸೊಸೆಗೆ ದೊರೆಯುವುದು ಅಪೂರ್ವ. ತಾಯಂದಿರಿಗೆ ಕಚೇರಿಯ ಮೇಜಿಗಿಂತ ಅಲ್ಲಿಯ ಶಿಶುಪಾಲನಾ ಕೊಠಡಿಯೇ ಹೆಚ್ಚಿನದು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರುಳ್ಳ ಸಂಸ್ಥೆಗಳು ಅದನ್ನು ಒದಗಿಸಬೇಕೆಂದು 2017ರ ಹೆರಿಗೆ ಸೌಲಭ್ಯದ ತಿದ್ದುಪಡಿಯು ವಿಧಿಸಿತು. ಹೆರಿಗೆ ರಜೆಯ ತರುವಾಯ ಪರಸ್ಪರ ಒಪ್ಪಿಗೆಯಿಂದ ಮನೆಯಲ್ಲೇ ದುಡಿಯುವುದಕ್ಕೂ ಎಡೆಗೊಟ್ಟಿತು. ಜಾಗವನ್ನು ಕಿರಿದುಮಾಡುವ ಕಂಪೆನಿಯು ಆ ಕೊಠಡಿಯನ್ನು ಉಳಿಸಿಕೊಂಡಿದೆಯೇ ಎಂಬುದನ್ನು ಕೆಲಸಕ್ಕೆ ಸೇರುವ ಮೊದಲೇ ವಿಚಾರಿಸಿಕೊಳ್ಳುವುದು ಮೇಲು.